‘ರೀಡಿಂಗ್ ಲೈಕ್ ಎ ಹಿಸ್ಟೋರಿಯನ್’: ಮೊದಲು ಬರೆದವರು ಯಾರು, ಆಮೇಲೆ ಓದು

ಇತಿಹಾಸ ಕಲಿಸುವ ಆ್ಯಪ್‌ಗಳಲ್ಲಿ ಹೆಚ್ಚಿನವು ಅನಿಮೇಷನ್ ತೋರಿಸಿ, ನಾಲ್ಕು ಆಯ್ಕೆಯ ಪ್ರಶ್ನೆ ಕೇಳಿ ಮುಗಿಸುತ್ತವೆ. ‘ರೀಡಿಂಗ್ ಲೈಕ್ ಎ ಹಿಸ್ಟೋರಿಯನ್’ ಆ ಜಾತಿಯದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣತಜ್ಞ ಸ್ಯಾಮ್ ವೈನ್‌ಬರ್ಗ್ ಕಟ್ಟಿದ ತಂಡ ರೂಪಿಸಿದ ಪಾಠಗಳಿವು. ಆ ತಂಡ ಈಗ ಡಿಜಿಟಲ್ ಇನ್‌ಕ್ವೈರಿ ಗ್ರೂಪ್ ಎಂಬ ಸ್ವತಂತ್ರ ಸಂಸ್ಥೆ. ಖಾತೆ ತೆರೆದರೆ ಪಾಠಗಳು ಉಚಿತ. ಕಣ್ಣು ಸೆಳೆಯುವಂಥದ್ದೇನೂ ಇಲ್ಲ: ಒಂದು ಮುಖ್ಯ ಪ್ರಶ್ನೆ, ಕೆಲವು ದಾಖಲೆ, ಉತ್ತರ ಬರೆಯುವ ಹಾಳೆ. ಮುದ್ರಿಸಿಕೊಂಡರೆ ತರಗತಿಯಲ್ಲಿ ಇಂಟರ್ನೆಟ್ಟೂ ಬೇಡ.

ಶುರು ಮಾಡಲು ಲೆಕ್ಸಿಂಗ್ಟನ್ ಪಾಠವೇ ಸರಿ. ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಏಪ್ರಿಲ್ 19ರಂದು ಆ ಊರಿನಲ್ಲಿ ಮೊದಲ ಗುಂಡು ಹಾರಿಸಿದ್ದು ಯಾರು? ಒಂದು ದಾಖಲೆ ಬ್ರಿಟಿಷ್ ಸೇನಾಧಿಕಾರಿ ಜಾನ್ ಬಾರ್ಕರ್‌ನ ದಿನಚರಿ. ಇನ್ನೊಂದು, ಊರಿನ ಪಡೆಯ 34 ಮಂದಿ ಏಪ್ರಿಲ್ 25ರಂದು ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. ಎರಡೂ ಎದುರಿನವರತ್ತಲೇ ಬೆರಳು ತೋರಿಸುತ್ತವೆ.

ಪಾಠ ಕೆಡುವುದೂ ಇಲ್ಲೇ. ‘ಇಬ್ಬರೂ ಪಕ್ಷಪಾತಿಗಳು’ ಎಂದು ಮಕ್ಕಳು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ಉತ್ತರವೆಂದು ಒಪ್ಪಬಾರದು. ದಿನಚರಿ ಯಾರ ಕಣ್ಣಿಗೆ ಬೀಳಲೆಂದು ಬರೆದದ್ದು, 34 ಜನ ಒಂದೇ ಹೇಳಿಕೆಗೆ ಸಹಿ ಹಾಕಿದರೆ ಅದು 34 ಸಾಕ್ಷಿಯೋ ಒಂದೋ ಎಂದು ಕೇಳಬೇಕು. ತನ್ನ ಸೈನಿಕರು ಆಜ್ಞೆಯಿಲ್ಲದೆ ನುಗ್ಗಿದರೆಂದು ಬಾರ್ಕರ್ ತಾನೇ ಬರೆದಿದ್ದಾನೆ. ತನ್ನವರಿಗೇ ಕೆಟ್ಟ ಹೆಸರು ತರುವ ಈ ಮಾತಿಗೆ ಹೆಚ್ಚು ತೂಕ ಕೊಡಬೇಕೇ? ಅಲ್ಲಿಂದ ಚರ್ಚೆ ನಿಜಕ್ಕೂ ಏಳುತ್ತದೆ.

45 ನಿಮಿಷದ ಪೀರಿಯಡ್‌ನಲ್ಲಿ ಹಿನ್ನೆಲೆಗೆ 5 ನಿಮಿಷ ಸಾಕು. ಆಮೇಲೆ ದಾಖಲೆಯ ಹೆಸರು, ಬರೆದವರು, ದಿನಾಂಕ ಇಷ್ಟನ್ನೇ ತೋರಿಸಿ, ಒಳಗೇನಿರಬಹುದೆಂದು ಊಹಿಸಲು ಇನ್ನೈದು. ಓದಿಗೆ 15, ಹೋಲಿಕೆಗೆ 10, ಬರವಣಿಗೆಗೆ 10. ಊಹೆಯ ಆ ಐದು ನಿಮಿಷ ಬಿಟ್ಟರೆ ಇಡೀ ಪಾಠ ಬರೀ ಇಂಗ್ಲಿಷ್ ಗದ್ಯಭಾಗವಾಗಿಬಿಡುತ್ತದೆ.

ಇದೇ ತಂಡದ ಕಿರು ಪರೀಕ್ಷೆಗಳೂ ಚೆನ್ನಾಗಿವೆ. ಒಂದರಲ್ಲಿ ‘ಮೊದಲ ಥ್ಯಾಂಕ್ಸ್‌ಗಿವಿಂಗ್, 1621’ (ಥ್ಯಾಂಕ್ಸ್‌ಗಿವಿಂಗ್ ಎಂದರೆ ಅಮೆರಿಕದ ಸುಗ್ಗಿ ಹಬ್ಬ) ಎಂಬ ಚಿತ್ರವಿದೆ. ಫೆರಿಸ್ ಎಂಬ ಕಲಾವಿದ ಬರೆದದ್ದು 20ನೇ ಶತಮಾನದ ಆರಂಭದಲ್ಲಿ. ಇಂಗ್ಲಿಷ್ ವಲಸಿಗರಿಗೂ ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರಿಗೂ 1621ರಲ್ಲಿದ್ದ ಸಂಬಂಧ ತಿಳಿಯಲು ಇದು ನೆರವಾಗುತ್ತದೆಯೇ ಎಂಬುದು ಪ್ರಶ್ನೆ. ನಡುವಿನ ಸುಮಾರು 300 ವರ್ಷ ಕಂಡವರಿಗೆ ಉತ್ತರ ಸುಲಭ. ಕಾಣದವರು ಚಿತ್ರದಲ್ಲಿನ ದೃಶ್ಯವನ್ನು ವರ್ಣಿಸುತ್ತಾ ಕೂರುತ್ತಾರೆ. ಪರೀಕ್ಷೆ ಹೀಗೆ ಚೊಕ್ಕವಾಗಿರಬೇಕು.

ಕನ್ನಡ ಮಾಧ್ಯಮದವರಿಗೆ ದೊಡ್ಡ ತೊಡಕು ಭಾಷೆ. ದಾಖಲೆಗಳನ್ನು ಸರಳಗೊಳಿಸಿದ್ದರೂ ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಭಾರವೇ. ಯಂತ್ರಾನುವಾದವನ್ನು ಹಾಗೇ ಹಂಚಬೇಡಿ. ‘ರೆಗ್ಯುಲರ್ಸ್’ ಅಂದರೆ ಬ್ರಿಟಿಷ್ ಸೈನಿಕರು, ‘ನಿಯಮಿತರು’ ಅಲ್ಲ. ಊರಿನ ಪಡೆಯನ್ನು ‘ಬಂಡುಕೋರರು’ ಎಂದು ಅನುವಾದಿಸಿದರಂತೂ ತೀರ್ಪನ್ನು ನೀವೇ ಕೊಟ್ಟಂತಾಯಿತು. ಎರಡು ದಾಖಲೆಗೂ ಒಬ್ಬರೇ ಅನುವಾದಕರು, ಒಂದೇ ಪದಪಟ್ಟಿ ಇದ್ದರೆ ಒಳ್ಳೆಯದು.

ನಮ್ಮ ನೆಲದ ಪಾಠ ಬೇಕಾದವರು ಇದೇ ಅಚ್ಚಿಗೆ ಬೇಗೂರಿನ ವೀರಗಲ್ಲನ್ನು ಹಾಕಬಹುದು. ವೀರಬಲ್ಲಾಳ ಬೆಂದ ಕಾಳು ತಿಂದದ್ದರಿಂದ ‘ಬೆಂದಕಾಳೂರು’ ಎಂಬ ಕಥೆ ಒಂದು ಕಡೆ. ಸುಮಾರು 890ರದೆಂದು ಗುರುತಿಸಲಾದ, ‘ಬೆಂಗಳೂರ ಕಾಳೆಗ’ ಹೇಳುವ ಶಾಸನ ಇನ್ನೊಂದು ಕಡೆ. ಕಥೆಯ ನಾಯಕನೆನ್ನುವ ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ, ಸುಮಾರು 280 ವರ್ಷ ಆಮೇಲೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಇಲ್ಲಿ ಒಂದು ಎಚ್ಚರ ಬೇಕು: ಬಲ್ಲಾಳನಿಗಿಂತ ಮುಂಚೆಯೇ ಹೆಸರಿತ್ತು ಎಂಬುದನ್ನಷ್ಟೇ ಶಾಸನ ತೋರಿಸುತ್ತದೆ. ‘ಬೆಂಗಳೂರು’ ಎಂದರೆ ಏನು ಎಂಬುದಕ್ಕೆ ಕಲ್ಲಿನಲ್ಲಿ ಉತ್ತರವಿಲ್ಲ. ಮಕ್ಕಳ ಹಾಳೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಸಾಲು ಬಿಡಿ.