‘ತುಮಕೂರು’ ಎಂದು ಬರೆಯಲು ಮೂರು ಕಂಪ್ಯೂಟರು

ಬಿಬಿಸಿ ಮೈಕ್ರೋ ಎಂಬ ಹಳೆಯ ಬ್ರಿಟಿಷ್ ಕಂಪ್ಯೂಟರನ್ನು ಅಸಲಿಯಾಗಿ ಒಮ್ಮೆ, ನಕಲಿಯಾಗಿ ಎರಡು ಬಗೆಯಲ್ಲಿ ಓಡಿಸಿ ಹೋಲಿಸಿದೆ. ನನ್ನ ಪರೀಕ್ಷೆ ಬಹಳ ಚಿಕ್ಕದು. ಪರದೆಯ ಮೇಲೆ ‘ತುಮಕೂರು’ ಎಂದು ಮೂಡಿಸಬೇಕು, ಪರದೆಯ ಚಿತ್ರವನ್ನು ನಿಭಾಯಿಸುವ 6845 ಚಿಪ್‌ಗೆ ಹೇಳಿ ಅದನ್ನು ಅಡ್ಡಕ್ಕೆ ಓಡಿಸಬೇಕು. 1981ರ ಬಿಬಿಸಿ ಮೈಕ್ರೋಗೆ ಕನ್ನಡ ಬಾರದು. ಆದರೆ ವಿಡಿಯು 23 ಎಂಬ ಆದೇಶದಿಂದ 8×8 ಚುಕ್ಕಿಗಳ ಮನೆಯೊಂದನ್ನು ನಾವೇ ತುಂಬಬಹುದು. ಅಂಥ ಮನೆಗಳು 32. ಒಂದೇ ಮನೆಯಲ್ಲಿ ‘ಕೂ’ ಬರೆಯಲು ಹೋಗಿ ಸೋತೆ. ಚೌಕುಳಿ ಪುಸ್ತಕದಲ್ಲಿ ರಂಗೋಲಿಯಂತೆ ಚುಕ್ಕಿಯಿಟ್ಟು, ಅಕ್ಷರಕ್ಕೆ ನಾಲ್ಕು ಮನೆ ಕೊಟ್ಟ ಮೇಲೆ ದೀರ್ಘಕ್ಕೆ ಜಾಗ ಸಿಕ್ಕಿತು.

ಮೊದಲು ಅಸಲಿ ಯಂತ್ರ. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದದ್ದು ಇದೇ ಬಿಬಿಸಿ ಮೈಕ್ರೋ. ನನ್ನದು ಶಾಲೆಯೊಂದರ ಹರಾಜಿನಲ್ಲಿ ಮಾವ ಕೊಂಡು ಅಟ್ಟಕ್ಕೆ ಹಾಕಿದ್ದು. ಸ್ವಿಚ್ ಒತ್ತಿದಾಗ ‘ಬೀಪ್’ ಎಂದು ಎರಡು ಸ್ವರದಲ್ಲಿ ಉಲಿಯಿತು. ಹಿಗ್ಗಿ ಎಲ್ಲರನ್ನೂ ಕರೆದೆ. ಅವರು ಬರುವಷ್ಟರಲ್ಲಿ ಪವರ್ ಸಪ್ಲೈ ಟಪ್ಪೆಂದಿತು, ಕೋಣೆಯ ತುಂಬ ಕಮಟು ಹೊಗೆ. ಹಳೆಯ ಕಾಗದದ ಕೆಪಾಸಿಟರ್‌ಗಳ ಹೊರಕವಚ ವರ್ಷಗಳಲ್ಲಿ ಬಿರುಕು ಬಿಡುತ್ತದೆ, ತೇವ ಒಳಗಿಳಿಯುತ್ತದೆ, ಕರೆಂಟು ಕೊಟ್ಟೊಡನೆ ಸಿಡಿಯುತ್ತದೆ. ಆನ್ ಮಾಡುವ ಮುನ್ನವೇ ಬದಲಿಸಬೇಕಿತ್ತು. ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯಿಂದ 0.1 ಮತ್ತು 0.01 ಮೈಕ್ರೋಫ್ಯಾರಡ್‌ನ ಎಕ್ಸ್2 (ಮನೆಯ ಕರೆಂಟಿಗೆ ನೇರ ಜೋಡಿಸಬಹುದಾದ ಬಗೆಯ) ಕೆಪಾಸಿಟರ್ ತಂದು ಹಾಕಿದೆ. ಮಾಲಿಗಿಂತ ಟಿಕೆಟ್ಟಿಗೇ ಹೆಚ್ಚು ಹಣ ಹೋಯಿತು.

ಗುಜರಿಯಿಂದ ತಂದ ಡಬ್ಬಾ ಟಿವಿಯ ಆಂಟೆನಾ ತೂತಿಗೆ ತಂತಿ ಚುಚ್ಚಿ, ಚಾನೆಲ್ 36 ಹುಡುಕಿದೆ. ಚಿತ್ರ ತುಸು ಮಂಜು. ಆ ಮಂಜೇ ಕನ್ನಡಕ್ಕೆ ಉಪಕಾರ ಮಾಡಿತು: ಚುಕ್ಕಿಗಳ ಮೂಲೆ ಕರಗಿ ‘ಮ’ ದುಂಡಗಾಯಿತು. ಅಕ್ಷರಗಳು ತಡೆಯಿಲ್ಲದೆ, ಎಣ್ಣೆಯಂತೆ ಹರಿದವು.

ಎರಡನೆಯದು ಲ್ಯಾಪ್‌ಟಾಪ್‌ನ ಬೀಬ್‌ಎಂ ಎಮ್ಯುಲೇಟರ್, ಅಂದರೆ ಬಿಬಿಸಿಯಂತೆ ನಟಿಸುವ ತಂತ್ರಾಂಶ. ಇದಕ್ಕೆ ಖರ್ಚಿಲ್ಲ, ಹೊಗೆಯೂ ಇಲ್ಲ. ಆದರೆ ಅದೇ ‘ಮ’ ಇಲ್ಲಿ ಇಟ್ಟಿಗೆ ಜೋಡಿಸಿದಂತೆ ಕಂಡಿತು. ಓಟವೂ ಮುಗ್ಗರಿಸಿತು. ಬಿಬಿಸಿ ಸೆಕೆಂಡಿಗೆ 50 ಚಿತ್ರ ಕಳಿಸಿದರೆ ನನ್ನ ಲ್ಯಾಪ್‌ಟಾಪ್ ಪರದೆ 60 ಕೇಳುತ್ತದೆ. ಹಾಗಾಗಿ ಪ್ರತಿ ಐದರಲ್ಲಿ ಒಂದು ಚಿತ್ರ ಎರಡು ಸಲ ಬರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯಲಾಗದು. ನನ್ನ ಮಗಳಿಗೆ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮೂರನೆಯದು ಶಿರಾದ ಗೆಳೆಯನಿಂದ ಎರಡು ವಾರಕ್ಕೆ ಎರವಲು ತಂದ ಮಿಸ್ಟರ್ ಎಂಬ, ಹಳೆಯ ಕಂಪ್ಯೂಟರುಗಳ ವೇಷ ಹಾಕುವ ಪೆಟ್ಟಿಗೆ. ಇದರ ಎಫ್‌ಪಿಜಿಎ (ಒಳಜೋಡಣೆಯನ್ನು ಬೇಕಾದಂತೆ ಬದಲಿಸಬಹುದಾದ) ಚಿಪ್ ಹಳೆಯ ಸರ್ಕ್ಯೂಟನ್ನೇ ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಹಾಲ್‌ನ ಟಿವಿ 50 ಹರ್ಟ್ಸ್ ಒಪ್ಪಿಕೊಂಡಿದ್ದರಿಂದ ಓಟ ನಯವಾಗಿತ್ತು. ಹಳೆಯ ಟಿವಿಯ ಗೆರೆಗಳನ್ನು ಅನುಕರಿಸುವ ಫಿಲ್ಟರ್ ಹಾಕಿದರೆ ಅಕ್ಷರವೂ ಪರವಾಗಿಲ್ಲ. ತಪ್ಪು ಹುಡುಕಲು ಹೊರಟು ಹೆಚ್ಚೇನೂ ಸಿಗಲಿಲ್ಲ. ಆದರೂ ಹಿಂದಿರುಗಿಸುವಾಗ ಬೇಸರವಾಗಲಿಲ್ಲ. ಅಸಲಿ ಯಂತ್ರದ ಆ ಕೆಂಪು ಕೀಲಿಗಳಿಲ್ಲದ ಬಿಬಿಸಿಗೆ ಅಷ್ಟು ಹಣ ಸುರಿಯಲಾರೆ.

ಈಗ ಬರೆಯುವುದು ಲ್ಯಾಪ್‌ಟಾಪ್‌ನಲ್ಲಿ, ನೋಡುವುದು ಡಬ್ಬಾ ಟಿವಿಯಲ್ಲಿ. ಪ್ರೋಗ್ರಾಮನ್ನು ಸದ್ದಾಗಿ ಬದಲಿಸಿ, ಮೊಬೈಲ್‌ನಿಂದ ಬಿಬಿಸಿಯ ಕ್ಯಾಸೆಟ್ ತೂತಿಗೆ ಊಡಿಸುತ್ತೇನೆ. ಸೆಕೆಂಡಿಗೆ 1200 ಬಿಟ್‌ಗಳ ವೇಗ. 20 ಕಿಲೋಬೈಟಿನ ಒಂದು ಪರದೆ ಇಳಿಯಲು ಮೂರು ನಿಮಿಷವೂ ಸಾಲದು. ನಡುವೆ ಯಾರಾದರೂ ಶುಭೋದಯದ ಸಂದೇಶ ಕಳಿಸಿದರೆ ಅದರ ‘ಟಿಣ್’ ಕೂಡ ಒಳಗಿಳಿದು ಎಲ್ಲ ಕೆಡುತ್ತದೆ, ಮತ್ತೆ ಮೊದಲಿಂದ.