ಆರ್ಕೆಸ್ಟ್ರಾಗೆ ಯಾವ ಬೇಸ್? ಮೂರು ಹಳೇ ಮಾದರಿ, ನನ್ನ ಓಟು ಪ್ರಿಸಿಷನ್‌ಗೆ

ಮೊದಲೇ ಹೇಳಿಬಿಡುತ್ತೇನೆ, ಬೇಸ್ ಗಿಟಾರುಗಳಲ್ಲಿ ನಾನು ಪ್ರಿಸಿಷನ್ ಪಕ್ಷದವನು. ಅಮೆರಿಕದ ಫೆಂಡರ್ ಕಂಪನಿಯ ಅಗ್ಗದ ಬ್ರ್ಯಾಂಡ್ ಸ್ಕ್ವಯರ್‌ನ ಕ್ಲಾಸಿಕ್ ವೈಬ್ ಸರಣಿಯಲ್ಲಿ ಬರುವ, ಅರವತ್ತರ ದಶಕದ ಮಾದರಿಯ ಪ್ರಿಸಿಷನ್ ಬೇಸ್ ಈಗ ನನ್ನ ಹತ್ತಿರ ಇದೆ. ಅದಕ್ಕೆ ಮುಂಚೆ ಪಿಟೀಲಿನ ಆಕಾರದ ಒಂದು ವಯಲಿನ್ ಬೇಸ್ ಇತ್ತು. ಇವೆರಡರ ನಡುವೆ ನಮ್ಮ ತಂಡದ ಗಿಟಾರಿಸ್ಟ್ ಹತ್ತಿರ ಜಾಝ್ ಬೇಸ್ ಎರವಲು ತೆಗೆದುಕೊಂಡು ಒಂದಿಡೀ ಗಣೇಶನ ಸೀಸನ್ ನುಡಿಸಿದೆ. ಮೂರೂ ಹಳೇ ಬೇಸುಗಳ ಹೊಸ ಅವತಾರಗಳೇ. ಅಸಲಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಹಾಗಾಗಿ ನಮ್ಮಂಥವರಿಗೆ ರೀಇಶ್ಯೂನೇ ಗತಿ.

ನಾನು ನುಡಿಸುವುದು ಆರ್ಕೆಸ್ಟ್ರಾದಲ್ಲಿ. ಗಣೇಶನ ಪೆಂಡಾಲು, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ, ನಡುನಡುವೆ ಮದುವೆ ರಿಸೆಪ್ಷನ್. ರಾಜನ್-ನಾಗೇಂದ್ರ, ಇಳಯರಾಜ ಹಾಡುಗಳೇ ಜಾಸ್ತಿ. ಇಳಯರಾಜ ಹಾಡಿನಲ್ಲಿ ಬೇಸ್ ತಪ್ಪಿದರೆ ಮುಂದಿನ ಸಾಲಲ್ಲಿ ಕೂತ ಅಂಕಲ್‌ಗೂ ಗೊತ್ತಾಗುತ್ತದೆ. ಮೆಟಲ್ ನುಡಿಸುವವರ ಲೆಕ್ಕವೇ ಬೇರೆ, ಅವರು ಇದನ್ನು ಓದಿ ಬೈಯಬಾರದು.

ವಯಲಿನ್ ಬೇಸ್ ಕೊಂಡಿದ್ದು ಅದರ ಅಂದಕ್ಕೇ. ಜರ್ಮನಿಯ ಹಾಫ್ನರ್ ಕಂಪನಿ 1956ರಲ್ಲಿ ತಂದ 500/1 ಮಾದರಿ ಅದು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಒಂದನ್ನು ಕೊಂಡರು, 1972ರಲ್ಲಿ ಅದು ಕಳುವಾಯಿತು. ವಾಪಸ್ ಸಿಕ್ಕ ಸುದ್ದಿ 2024ರಲ್ಲಿ ಬಂದಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬವೋ ಹಬ್ಬ. ನನ್ನದು ಹಾಫ್ನರ್ ಅಲ್ಲ, ಇನ್ಯಾರೋ ಮಾಡಿದ ನಕಲು. ಹೆಸರು ಬೇಡ ಬಿಡಿ. ಕೈಗೆ ಹಗುರ, ಸ್ಕೇಲ್ (ತಂತಿ ಮಿಡಿಯುವ ಉದ್ದ) 30 ಇಂಚು ಮಾತ್ರ, ಬೆರಳು ಚಾಚಿ ಒದ್ದಾಡುವ ಹಾಗಿಲ್ಲ. ಸದ್ದು ಗುಂಡಗೆ, ಮೆತ್ತಗೆ. ಮನೆಯಲ್ಲಿ ಕೂತು ನುಡಿಸಿದಷ್ಟು ದಿನ ನನಗೆ ಬೇರೆ ಬೇಸೇ ಬೇಡ ಅನ್ನಿಸಿತ್ತು.

ತಲೆನೋವು ಶುರುವಾಗಿದ್ದು ಕುದುರೆಯಿಂದ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜಿನಿಂದ. ಪಿಟೀಲಿನಲ್ಲಿ ಇರುವ ಹಾಗೆ ಇದರಲ್ಲೂ ಮರದ ಕುದುರೆಯನ್ನು ಸ್ಕ್ರೂ ಹಾಕಿ ಕೂರಿಸಿರುವುದಿಲ್ಲ. ತಂತಿ ಅದುಮಿ ಹಿಡಿದಿರುತ್ತದೆ, ಅಷ್ಟೇ. ಯಶವಂತಪುರದಿಂದ ಬಸವನಗುಡಿಗೆ ಆಟೋದಲ್ಲಿ ಮಂಡಿ ಮಧ್ಯೆ ನಿಲ್ಲಿಸಿಕೊಂಡು ಹೋಗಿ, ದಾರಿಯಲ್ಲಿ ನಾಲ್ಕು ಹಂಪ್ ಹಾರಿಸಿದರೆ ಕುದುರೆ ಒಂದೆರಡು ಮಿಲಿಮೀಟರ್ ಆಚೀಚೆ ಆಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಸ್ಟೇಜ್ ಮೇಲೆ ಟ್ಯೂನರ್ ಹಾಕಿ ನೋಡಿದರೆ ನಾಲ್ಕೂ ತಂತಿ ಸರಿಯಾಗೇ ತೋರಿಸುತ್ತದೆ. ಮೋಸ ಇರುವುದೇ ಅಲ್ಲಿ. ಟ್ಯೂನರ್ ನೋಡುವುದು ಓಪನ್ ತಂತಿಯನ್ನು, ಅಂದರೆ ಬೆರಳಿಡದ ತಂತಿಯನ್ನು. ನೆಕ್ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ ಹನ್ನೆರಡನೆಯದು ತಂತಿಯ ಸರಿಯಾದ ಅರ್ಧಕ್ಕೆ ಬರಬೇಕು. ಕುದುರೆ ಜರುಗಿದರೆ ಆ ಅರ್ಧ ಅರ್ಧವಾಗಿ ಉಳಿಯುವುದಿಲ್ಲ. ಕೆಳಗೆ ನುಡಿಸುವಾಗ ಎಲ್ಲ ಚೆನ್ನಾಗಿರುತ್ತದೆ. ಚರಣದಲ್ಲಿ ಬೇಸ್ ಮೇಲಕ್ಕೆ ಹತ್ತಿದ ಕೂಡಲೇ ಶ್ರುತಿ ಬಿಟ್ಟುಹೋಗುತ್ತದೆ.

ಕೀಬೋರ್ಡಿನವರು ಹಾಡಿನ ಮಧ್ಯೆಯೇ ತಿರುಗಿ ನೋಡುತ್ತಿದ್ದರು. ಕೊನೆಗೆ ನಮ್ಮ ಪಿಟೀಲು ಮೇಷ್ಟ್ರು ಒಂದು ಉಪಾಯ ಹೇಳಿದರು: "ಕುದುರೆ ಕಾಲ ಹತ್ರ ಪೆನ್ಸಿಲ್‌ನಲ್ಲಿ ಗೆರೆ ಎಳ್ಕೊಳಪ್ಪ, ಸ್ಟೇಜ್ ಹತ್ತೋ ಮುಂಚೆ ನೋಡ್ಕೊ." ಹಾಗೇ ಮಾಡಿದೆ. ತಂತಿ ಸ್ವಲ್ಪ ಸಡಿಲ ಮಾಡಿ, ಕುದುರೆಯನ್ನು ಬೆರಳ ತುದಿಯಿಂದ ಗೆರೆಗೆ ತಳ್ಳಿ, ಮತ್ತೆ ಬಿಗಿದು, ಹನ್ನೆರಡನೇ ಫ್ರೆಟ್ಟಿನಲ್ಲಿ ಬೆರಳು ಬರೀ ತಾಗಿಸಿ ತೆಗೆಯುವ ಹಾರ್ಮೋನಿಕ್ ಸ್ವರಕ್ಕೂ ಒತ್ತಿದ ಸ್ವರಕ್ಕೂ ತಾಳೆ ನೋಡುವುದು. ಮನೆಯಲ್ಲಾದರೆ ಐದು ನಿಮಿಷದ ಕೆಲಸ. ಪೆಂಡಾಲಿನಲ್ಲಿ ಪಕ್ಕದಲ್ಲೇ ತಮಟೆ ಬಡಿಯುತ್ತಿರುವಾಗ ಹಾರ್ಮೋನಿಕ್ ಕೇಳಿಸಬೇಕಲ್ವಾ? ಸಾಲದ್ದಕ್ಕೆ ಶಾರ್ಟ್ ಸ್ಕೇಲ್ ತಂತಿ ಬೇಕೆಂದಾಗ ಅಂಗಡಿಯಲ್ಲಿ ಸಿಕ್ಕಿದ್ದೇ ಕಮ್ಮಿ. ಕೌಂಟರಿನಲ್ಲಿ ನೇತುಹಾಕಿದ್ದೆಲ್ಲ 34 ಇಂಚಿನವೇ.

ಜಾಝ್ ಬೇಸ್‌ಗೆ ಈ ಕಾಟ ಇಲ್ಲ. 1960ರಲ್ಲಿ ಫೆಂಡರ್ ತಂದ ಮಾದರಿ, ನೆಕ್ಕಿನ ತುದಿಯಲ್ಲಿರುವ ನಟ್ ಹತ್ತಿರ 38 ಮಿ.ಮೀ. ಅಗಲ, ಕೈ ಬೆಣ್ಣೆಯ ಹಾಗೆ ಓಡುತ್ತದೆ. ಆದರೆ ಗುಂಯ್ ಅನ್ನುತ್ತದೆ. ತಂತಿಯ ಕಂಪನ ಹಿಡಿಯುವ ಎರಡು ಪಿಕಪ್ಪಿನ ವಾಲ್ಯೂಮೂ ಪೂರ್ತಿ ಇಟ್ಟರೆ ಸುಮ್ಮನಿರುತ್ತದೆ, ಒಂದನ್ನು ಇಳಿಸಿದರೆ ಶುರು. ಪೆಂಡಾಲಿನ ಸೀರಿಯಲ್ ಸೆಟ್ಟು, ಜನರೇಟರು, ಲೈಟಿನ ಡಿಮ್ಮರು ಎಲ್ಲ ಸೇರಿ ಸ್ಪೀಕರಿನಲ್ಲಿ ಹಾಡಲು ಕೂತುಬಿಡುತ್ತವೆ. ಸ್ಟುಡಿಯೋದಲ್ಲಿ ನುಡಿಸುವವರಾದರೆ ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಿ.

ಪ್ರಿಸಿಷನ್ ಬೇಸ್ ಬಂದಿದ್ದು 1951ರಲ್ಲಿ. ಆಗ ಅದಕ್ಕೂ ಜಾಝ್ ಬೇಸಿನ ಹಾಗೆ ಸಿಂಗಲ್ ಕಾಯಿಲ್ಲೇ, ಅಂದರೆ ಗುಂಯ್ ಅನ್ನುವ ಒಂಟಿ ಸುರುಳಿಯ ಪಿಕಪ್ಪು. 1957ರಲ್ಲಿ ಪಿಕಪ್ಪನ್ನು ಎರಡು ತುಂಡು ಮಾಡಿ, ತಲಾ ಎರಡು ತಂತಿಯ ಕೆಳಗೆ ಕೂರಿಸಿದರು. ಎರಡೂ ಒಂದಕ್ಕೊಂದು ಉಲ್ಟಾ ಇರುವುದರಿಂದ ಹೊರಗಿನ ಗುಂಯ್ ಅಲ್ಲಲ್ಲೇ ವಜಾ. ಆದ್ದರಿಂದ ಐವತ್ತೊಂದರ ಮಾದರಿಯ ರೀಇಶ್ಯೂ ಎಷ್ಟೇ ಮುದ್ದಾಗಿರಲಿ, ಪೆಂಡಾಲಿಗೆ ಅದು ಬೇಡ. ಅರವತ್ತರದ್ದೇ ಸರಿ. ಒಂದು ವಾಲ್ಯೂಮ್, ಒಂದು ಟೋನ್, ಮುಗಿಯಿತು. ಕುದುರೆಗೆ ಐದು ಸ್ಕ್ರೂ, ಆಟೋ ಎಷ್ಟು ಹಾರಿದರೂ ಅಲುಗುವುದಿಲ್ಲ. ನೆಕ್ ದಪ್ಪ, ಮೂರು ಗಂಟೆ ನಿಂತರೆ ಹೆಗಲು ಹಿಡಿದುಕೊಳ್ಳುತ್ತದೆ. ಫಿಂಗರ್‌ಬೋರ್ಡ್ ರೋಸ್‌ವುಡ್ ಅಲ್ಲ, ಇಂಡಿಯನ್ ಲಾರೆಲ್, ಅಂದರೆ ನಮ್ಮ ಮಲೆನಾಡಿನ ಮತ್ತಿ. ಸ್ವಲ್ಪ ಒಣಕಲಾಗಿ ಕಾಣುತ್ತದೆ, ಎಣ್ಣೆ ಸವರಿದರೆ ಕಪ್ಪಾಗುತ್ತದೆ.

ರೀಇಶ್ಯೂ ಮಾಡುವವರ ಮೇಲೆ ನನಗೆ ಒಂದೇ ಕೋಪ. ಬಣ್ಣ, ಹೆಡ್‌ಸ್ಟಾಕು, ಗುಬುಟು ಎಲ್ಲ ಹಳೇ ಥರ ಮಾಡಿ, ತಂತಿ ಮಾತ್ರ ಹೊಸ ಕಾಲದ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ್ದು) ಹಾಕಿ ಕಳಿಸುತ್ತಾರೆ. ಅಸಲಿ ಬರುತ್ತಿದ್ದದ್ದು ಚಪ್ಪಟೆ ಸರಿಗೆ ಸುತ್ತಿದ ಫ್ಲಾಟ್‌ವೌಂಡ್ ತಂತಿಯಲ್ಲಿ. ಕುದುರೆ ಮುಚ್ಚುವ ಲೋಹದ ಕವರ್‌ನ ಒಳಗೆ ತಂತಿಯ ಕಂಪನ ತಡೆಯಲು ಫೋಮ್ ಕೂಡ ಇರುತ್ತಿತ್ತು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ತಮ್ಮ 1962ರ ಪ್ರಿಸಿಷನ್‌ಗೆ ಹಾಕಿದ ಫ್ಲಾಟ್‌ವೌಂಡ್ ತಂತಿಯನ್ನು ಹರಿಯುವ ತನಕ ಬದಲಿಸುತ್ತಿರಲಿಲ್ಲ. ಹಳೇ ಹಾಡಿಗೆ ಬೇಕಾದ ಆ 'ದುಂ' ಇರುವುದೇ ತಂತಿಯಲ್ಲಿ, ಬಣ್ಣದಲ್ಲಿ ಅಲ್ಲ. ನಾನು ಫ್ಲಾಟ್‌ವೌಂಡ್ ಹಾಕಿಸಿದೆ. ಅಡುಗೆಮನೆಯ ಹಳದಿ ಸ್ಪಂಜನ್ನು ಬೆರಳಗಲ ಕತ್ತರಿಸಿ, ಹಸಿರು ಸಿಪ್ಪೆ ಕಿತ್ತು ಹಾಕಿ, ಕುದುರೆ ಪಕ್ಕ ತಂತಿಯ ಅಡಿಗೆ ತುರುಕಿದೆ. ಜಾಸ್ತಿ ಒಳಗೆ ಹೋದರೆ ಸ್ವರವೇ ಸಾಯುತ್ತದೆ. ತಂತಿಗೆ ಸುಮ್ನೆ ತಾಗಿದರೆ ಸಾಕು. ಕೀಬೋರ್ಡಿನವರು ಮತ್ತೆ ತಿರುಗಿ ನೋಡಿದರು, ಈ ಸಲ ಮುಖ ಗಂಟಿಕ್ಕಿರಲಿಲ್ಲ.

ದುಡ್ಡಿನ ವಿಷಯ: ಬೇಸು, ತಂತಿ ಸೇರಿ ಐವತ್ತು ಸಾವಿರದ ಆಸುಪಾಸು ಆಯಿತು. ಫೆಂಡರ್‌ನದೇ ಬೇಕೆಂದರೆ 2022ರಲ್ಲಿ ಬಂದ ಅಮೆರಿಕನ್ ವಿಂಟೇಜ್ 2 ಸರಣಿಯಲ್ಲಿ 1960ರ ಪ್ರಿಸಿಷನ್ ಇದೆ, ಅದು ಲಕ್ಷಗಳ ಮಾತು. ಒಂದು ಪ್ರೋಗ್ರಾಮಿಗೆ ನಮಗೆ ಸಿಗುವ ಸಂಭಾವನೆಯಲ್ಲಿ ಅದರ ಕೇಸು ಬಂದೀತು.

ನಮ್ಮ ಡ್ರಮ್ಮರ್‌ಗೆ ಗಿಬ್ಸನ್ ಕಂಪನಿಯ ಇಬಿ-3 ಬೇಸ್ ಮತ್ತೆ ಬರಲಿ ಅಂತ ಆಸೆ. ನುಡಿಸಬೇಕಾದವನು ನಾನು, ಆಸೆ ಅವನಿಗೆ! ನನ್ನ ಕಣ್ಣಿರುವುದು 1977ರಲ್ಲಿ ಶುರುವಾದ ಯಮಹಾ ಬಿಬಿ ಸರಣಿಯ ಮೊದಲ ಬೇಸುಗಳ ಮೇಲೆ. ಅವನ್ನು ಇದ್ದ ಹಾಗೇ ಮತ್ತೆ ತಂದರೆ ಮೊದಲ ದಿನವೇ ಹೋಗಿ ನುಡಿಸಿ ಬರುತ್ತೇನೆ. ಬೆಲೆ ಅರವತ್ತು ಸಾವಿರ ದಾಟಿದ್ದರೆ ಬರೀ ನುಡಿಸಿ ಬರುತ್ತೇನೆ, ಅಷ್ಟೇ.