ತಾಮ್ರದ ವಂಕಿಯೋ, ಹಾರ್ಮೋನ್ ವಂಕಿಯೋ: ಎರಡನ್ನೂ ಹಾಕಿಸಿಕೊಂಡವಳ ಮಾತು

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ಬರೆಯುತ್ತೇನೆ. ಬೆಳಿಗ್ಗೆ ಹಾಜರಿ ಹಾಕಿದರೆ, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಮುಗಿಯುವವರೆಗೂ ತೋಟದಲ್ಲೇ ಇರಬೇಕು. ಅಲ್ಲಿ ಟಾಯ್ಲೆಟ್ ಇಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನಾನು ಒಂದು ವಂಕಿ ಬಿಟ್ಟು ಇನ್ನೊಂದಕ್ಕೆ ಹೋಗಿದ್ದರಲ್ಲಿ ಇದರ ಪಾತ್ರ ದೊಡ್ಡದು. ವಂಕಿ ಅಂದರೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ.

2014ರಿಂದ ನಾಲ್ಕೂವರೆ ವರ್ಷ ನನ್ನೊಳಗೆ ಕಾಪರ್ ಟಿ, ಅಂದರೆ ತಾಮ್ರದ ವಂಕಿ, ಇತ್ತು. 2020ರಿಂದ ಹಾರ್ಮೋನ್ ವಂಕಿ. ಹಾಸನದಲ್ಲಿರುವ ನನ್ನ ಓರಗಿತ್ತಿ ಎಂಟು ವರ್ಷದಿಂದ ಕಾಪರ್ ಟಿ ಇಟ್ಟುಕೊಂಡು ಆರಾಮಾಗಿದ್ದಾಳೆ. ಹಾಗಾಗಿ ತಾಮ್ರದ್ದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನನಗೆ ಅದು ಹೊಂದಲಿಲ್ಲ, ಅಷ್ಟೇ. ಯಾಕೆ ಹೊಂದಲಿಲ್ಲ ಎಂಬುದು ಹಾಕಿಸಿಕೊಳ್ಳುವ ಮುಂಚೆಯೇ ಗೊತ್ತಾಗಬಹುದಿತ್ತು ಅನ್ನುವುದೇ ನನ್ನ ಸಂಕಟ.

ವಂಕಿ ಅಂದರೆ ನಮ್ಮ ಹಿರಿಯರಿಗೆ ಈಗಲೂ ಹೆದರಿಕೆ. ಸರ್ಕಾರ 1965ರಲ್ಲಿ ಲೂಪ್ ಅನ್ನುವ ಹಳೇ ವಂಕಿ ಹಾಕಿಸಲು ಶುರು ಮಾಡಿತು. ಆಗಿನ ಕಥೆಗಳೇ ಬಾಯಿಂದ ಬಾಯಿಗೆ ಬಂದಿವೆ. ಅದು ಬರೀ ಪ್ಲಾಸ್ಟಿಕ್ ಸುರುಳಿ. ಈಗಿನವು ಎರಡೂ ಇಂಗ್ಲಿಷಿನ ಟಿ ಅಕ್ಷರದ ಹಾಗಿವೆ, ಉದ್ದ ಸುಮಾರು 3 ಸೆಂಟಿಮೀಟರ್. ಹೊಟ್ಟೆಯೊಳಗೆ ಎದೆವರೆಗೂ ಏರುತ್ತದೆ ಅನ್ನುವುದು ಸುಳ್ಳು. ಗರ್ಭಕೋಶಕ್ಕೆ ತೂತಾಗುವ ಅಪಾಯ ಇಲ್ಲವೆಂದಲ್ಲ, ಆದರೆ ಅದು ಸಾವಿರದಲ್ಲಿ ಒಬ್ಬರಿಗೆ ಆಗುವಂಥದ್ದು, ಅದೂ ಸಾಮಾನ್ಯವಾಗಿ ಹಾಕುವ ಹೊತ್ತಿನಲ್ಲಿ.

ತಾಮ್ರದ್ದರಲ್ಲಿ ಸಣ್ಣ ತಂತಿ ಸುತ್ತಿರುತ್ತದೆ. ಆ ತಾಮ್ರದ ಅಂಶ ವೀರ್ಯಾಣುವಿಗೆ ವಿಷ, ನಮಗಲ್ಲ. ದೇಹದ ಹಾರ್ಮೋನಿಗೆ ಅದು ಕೈ ಹಾಕುವುದೇ ಇಲ್ಲ. ಇನ್ನೊಂದರಲ್ಲಿ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ 52 ಮಿಲಿಗ್ರಾಂ ತುಂಬಿರುತ್ತದೆ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಹೊರಗೆ ಬಿಡುತ್ತದೆ, ಬರುಬರುತ್ತಾ ಕಡಿಮೆ. ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗುತ್ತದೆ, ಒಳಪದರ ತೆಳ್ಳಗಾಗುತ್ತದೆ. ಗರ್ಭ ತಡೆಯುವುದರಲ್ಲಿ ಎರಡೂ ಗಟ್ಟಿ. ವರ್ಷಕ್ಕೆ ನೂರು ಜನರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿ ಬಸುರಿಯಾಗುತ್ತಾರೆ. ಲೈಂಗಿಕ ಸಂಪರ್ಕದಿಂದ ರೋಗ ಹರಡುವುದನ್ನು ಮಾತ್ರ ಎರಡೂ ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು.

ಹಾಕಿಸಿಕೊಳ್ಳುವ ನೋವು ಎರಡರಲ್ಲೂ ಒಂದೇ ಥರ. ಎರಡು ಮೂರು ನಿಮಿಷ ಹೊಟ್ಟೆ ಹಿಂಡಿದ ಹಾಗೆ, ಆಮೇಲೆ ಅವತ್ತೆಲ್ಲ ಮುಟ್ಟಿನ ನೋವು.

ಇನ್ನು ರಕ್ತದ ವಿಷಯ. ನನಗೆ ಚಿಕ್ಕಂದಿನಿಂದಲೂ ಮುಟ್ಟು ಜಾಸ್ತಿ. ಆರು ದಿನ, ಅದರಲ್ಲಿ ಎರಡು ದಿನ ಸುರಿಯುತ್ತಿತ್ತು. ಕಾಪರ್ ಟಿ ಹಾಕಿದವರು ಅದನ್ನು ಕೇಳಲಿಲ್ಲ. ರಕ್ತ ಪರೀಕ್ಷೆಯನ್ನೂ ಮಾಡಲಿಲ್ಲ. ತಾಮ್ರದ ವಂಕಿ ಮುಟ್ಟನ್ನು ಹೆಚ್ಚಿಸಬಹುದು, ಹೊಟ್ಟೆ ನೋವನ್ನೂ ಹೆಚ್ಚಿಸಬಹುದು, ಮೊದಲ ಮೂರರಿಂದ ಆರು ತಿಂಗಳು ವಿಶೇಷವಾಗಿ ಹಾಗೆ ಎಂದು ನನಗೆ ಯಾರೂ ಹೇಳಲಿಲ್ಲ. ಬಹಳ ಜನರಿಗೆ ಆಮೇಲೆ ಹತೋಟಿಗೆ ಬರುತ್ತದೆ. ನನಗೆ ಬರಲಿಲ್ಲ. ಕೊಯ್ಲಿನ ದಿನಗಳಲ್ಲಿ ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡು ಹೋಗುತ್ತಿದ್ದೆ. ಬದಲಾಯಿಸಬೇಕೆಂದರೆ ಕಾಫಿ ಗಿಡದ ಮರೆ. ಕೂಲಿಯ ಹೆಣ್ಣುಮಕ್ಕಳು ಸುತ್ತ ನಿಂತು ಮರೆ ಮಾಡುತ್ತಿದ್ದರು. ಅವರ ಆ ಋಣ ನನ್ನ ಮೇಲಿದೆ.

ಗುಡ್ಡ ಹತ್ತುವಾಗ ಏದುಸಿರು ಬಂದರೆ ವಯಸ್ಸು ಅಂದುಕೊಂಡೆ. ಮೂವತ್ತೊಂದಕ್ಕೆ ಏನು ವಯಸ್ಸು, ಅಲ್ವಾ? 2018ರಲ್ಲಿ ಎರಡನೇ ಮಗು ಬೇಕೆಂದು ತೆಗೆಸಿದೆ. ಎಳೆದರು, ಬಂತು, ಒಂದೇ ನಿಮಿಷ. ಮೂರನೇ ತಿಂಗಳಿಗೆ ಗರ್ಭ ನಿಂತಿತು. ವಂಕಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಅನ್ನುವವರಿಗೆ ನನ್ನ ಎರಡನೇ ಮಗನನ್ನೇ ತೋರಿಸುತ್ತೇನೆ. ಆದರೆ ತಾಯಿ ಕಾರ್ಡ್ ಮಾಡಿಸಲು ಹೋದಾಗ ಹಿಮೋಗ್ಲೋಬಿನ್ 8.6. ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು, ಬಸುರಿಗೆ 11. ಒಂಬತ್ತು ತಿಂಗಳೂ ಕಬ್ಬಿಣದ ಮಾತ್ರೆ, ಕೊನೆಗೆ ಡ್ರಿಪ್. ಅಷ್ಟು ವರ್ಷ ನಾನು ರಕ್ತ ಕಳೆದುಕೊಂಡೇ ಕೆಲಸ ಮಾಡಿದ್ದೆ ಎಂದು ಗೊತ್ತಾಗಿದ್ದು ಆಗ.

ಹೆರಿಗೆಯಾದ ಮೇಲೆ ಹಾಸನದ ಡಾಕ್ಟರಮ್ಮ ಹಾರ್ಮೋನ್ ವಂಕಿಯ ಮಾತು ತೆಗೆದರು. ಎದೆಹಾಲು ಕೊಡುತ್ತಿದ್ದರೂ ಆರು ವಾರ ಕಳೆದ ಮೇಲೆ ಹಾಕಬಹುದು ಎಂದರು. ಇಲ್ಲಿ ದುಡ್ಡಿನ ಮಾತು ಬರುತ್ತದೆ. ಕಾಪರ್ ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 380ಎ ಎನ್ನುವುದು ಹತ್ತು ವರ್ಷ ಬಾಳುತ್ತದೆ, 375 ಎನ್ನುವುದು ಐದು ವರ್ಷ. ಹಾರ್ಮೋನಿನದಕ್ಕೆ ಸಾಧನ, ಫೀಸು ಎಲ್ಲ ಸೇರಿ ನನಗೆ ಹತ್ತು ಸಾವಿರ ದಾಟಿತು, ಲೆಕ್ಕ ಐದು ವರ್ಷಕ್ಕೆ. ನಮ್ಮ ದೇಶದಲ್ಲೇ ತಯಾರಾದವು ಇದಕ್ಕಿಂತ ಅಗ್ಗ, ಅದನ್ನೂ ಕೇಳಿ ನೋಡಿ. ಹೆಚ್ಚು ರಕ್ತ ಹೋಗುವವಳಿಗೇ ಇದು ಹೆಚ್ಚು ಬೇಕು. ತೋಟದ ಕೂಲಿಯವಳು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇದಕ್ಕೂ ತನ್ನದೇ ಕಾಟ ಇತ್ತು. ಮೊದಲ ಐದು ತಿಂಗಳು ಯಾವಾಗ ಕಲೆ ಕಾಣುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಒಂದು ದಿನ ಇಲ್ಲ, ಮೂರು ದಿನ ಇದೆ, ಮತ್ತೆ ಇಲ್ಲ. ನಮ್ಮ ಮನೆಯಲ್ಲಿ ಮುಟ್ಟಾದರೆ ಮೂರು ದಿನ ದೇವರ ಕೋಣೆಗೆ ಹೋಗುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಈ ಚುಕ್ಕೆ ರಕ್ತವನ್ನು ಮುಟ್ಟು ಎನ್ನುವುದಾ, ಅಲ್ಲ ಎನ್ನುವುದಾ? ಗೌರಿ ಹಬ್ಬದ ಬೆಳಿಗ್ಗೆ ಕಾಣಿಸಿಕೊಂಡಾಗ ಅತ್ತೆಯೂ ನಾನೂ ಹಿತ್ತಿಲಲ್ಲಿ ನಿಂತು ಅತ್ತುಬಿಟ್ಟೆವು. ಇಂಥ ಮಡಿಯ ಮನೆಯವರು ಮೊದಲ ಆರು ತಿಂಗಳನ್ನು ಯೋಚಿಸಿಯೇ ಕಾಲಿಡಬೇಕು. ಹಬ್ಬದ ಸಾಲು ಮುಗಿದ ಮೇಲೆ ಹಾಕಿಸಿಕೊಂಡರೆ ಒಳ್ಳೆಯದು.

ಗಲ್ಲದ ಮೇಲೆ ಮೊಡವೆ ಬಂತು, ಹೋಯಿತು. ನನ್ನ ಮನಸ್ಸಿಗೆ ಏನೂ ಆಗಲಿಲ್ಲ. ಆದರೆ ಪಕ್ಕದ ಊರಿನ ಗೆಳತಿಗೆ ಸುಮ್ನೆ ಕೂತಲ್ಲೇ ಅಳು ಬರುತ್ತಿತ್ತು. ಎಂಟನೇ ತಿಂಗಳಿಗೆ ತೆಗೆಸಿದಳು, ಆಮೇಲೆ ಸರಿಹೋಯಿತು. ಅದು ವಂಕಿಯಿಂದಲೇ ಆಗಿತ್ತು ಎಂದು ಪ್ರಮಾಣ ಮಾಡಲಾರೆ. ಆದರೆ ಅವಳ ಮಾತನ್ನು ಅಲ್ಲಗಳೆಯಲೂ ಆರೆ.

ಆರನೇ ತಿಂಗಳಿನಿಂದ ಮುಟ್ಟು ಕಡಿಮೆಯಾಗುತ್ತಾ ಬಂತು. ವರ್ಷ ತುಂಬುವಷ್ಟರಲ್ಲಿ ಒಂದು ದಿನ, ಒಂದು ಪ್ಯಾಡ್. ಐವರಲ್ಲಿ ಒಬ್ಬರಿಗೆ ವರ್ಷದೊಳಗೆ ಪೂರ್ತಿ ನಿಂತೇ ಹೋಗುತ್ತದೆ, ನನಗೆ ಎರಡನೇ ವರ್ಷ ನಿಂತಿತು. ಅತ್ತೆ ಕಂಗಾಲಾದರು. "ಕೆಟ್ಟ ರಕ್ತ ಒಳಗೇ ನಿಂತರೆ ಗತಿ ಏನು ಕಣೇ?" ಎಂದರು. "ಒಳಪದರ ಬೆಳೆದರೆ ತಾನೇ ಅತ್ತೆ ಕಳಚಿ ಬರೋದು? ಬೆಳೀತಾನೇ ಇಲ್ಲ, ಒಳಗೆ ನಿಲ್ಲೋಕೆ ಏನೂ ಇಲ್ಲ" ಎಂದೆ. ನಂಬಿದ್ದು ನನ್ನ ರಿಪೋರ್ಟ್ ನೋಡಿ. ಹಿಮೋಗ್ಲೋಬಿನ್ 12.4 ಆಗಿತ್ತು. ಆ ವರ್ಷ ನಾನು ಗುಡ್ಡದ ಬ್ಲಾಕಿಗೆ ನಿಲ್ಲದೆ ಹತ್ತಿದೆ.

ಓರಗಿತ್ತಿಯ ಲೆಕ್ಕ ಬೇರೆ. ಅವಳಿಗೆ ಮೂರು ದಿನದ ಹಗುರ ಮುಟ್ಟು. ತಾಮ್ರ ಹಾಕಿದ ಮೇಲೆ ನಾಲ್ಕು ದಿನ ಆಯಿತು, ಅಷ್ಟೇ. ತಿಂಗಳು ತಿಂಗಳು ಮುಟ್ಟು ಬಂದರೆ ಬಸುರಿಯಲ್ಲ ಎಂಬ ನೆಮ್ಮದಿ ಅವಳಿಗೆ ಬೇಕು. ನನಗೆ ಆ ಗುರುತಿಲ್ಲ. ಅನುಮಾನ ಬಂದರೆ ಮೆಡಿಕಲ್ ಶಾಪಿನ ಕಿಟ್ ತಂದು ನೋಡುತ್ತೇನೆ. ಅವಳಿಗೂ ಮುಟ್ಟು ತಪ್ಪಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ವಂಕಿ ಇದ್ದೂ ಗರ್ಭ ನಿಂತರೆ ಅದು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿರಬಹುದು, ಅದು ಪ್ರಾಣಕ್ಕೆ ಅಪಾಯ.

ಸ್ತನ ಕ್ಯಾನ್ಸರ್ ಆದವರಿಗೆ ಹಾರ್ಮೋನಿನದು ಬೇಡ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ, ಒಳಗೆ ಸೋಂಕು ಇದ್ದರೆ, ಮೊದಲು ಅದರ ಚಿಕಿತ್ಸೆ, ಆಮೇಲೆ ಯಾವುದೇ ವಂಕಿ.

ಹೋದ ಕೊಯ್ಲಿನಲ್ಲಿ ಕೂಲಿ ಲೈನಿನ ಮನೆಯ ಒಬ್ಬ ಹುಡುಗಿ ತೂಕದ ಹೊತ್ತಿನಲ್ಲಿ ಹತ್ತಿರ ಬಂದು, "ಅಕ್ಕಾ, ಆಶಾ ಅಕ್ಕ ಕಾಪರ್ ಟಿ ಹಾಕಿಸ್ಕೋ ಅಂತಾರೆ, ನಿಮ್ಗೆ ಆಗ್ಲಿಲ್ವಂತೆ, ನಾನೇನ್ ಮಾಡ್ಲಿ?" ಎಂದು ಕೇಳಿದಳು. ಮುಟ್ಟು ಎಷ್ಟು ದಿನ ಇರುತ್ತದೆ ಎಂದು ಕೇಳಿದೆ. ಮೂರು ದಿನ ಎಂದಳು. ಬಟ್ಟೆ ನೆನೆಯುವಷ್ಟು ಹೋಗುತ್ತದಾ ಎಂದೆ. ಇಲ್ಲ ಎಂದಳು. ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಅವಳಿಗೆ ಅರ್ಧ ದಿನ ರಜೆ ಬರೆದೆ. ಹಿಮೋಗ್ಲೋಬಿನ್ 12.1 ಬಂತು. ಮುಂದಿನ ವಾರವೇ ಕಾಪರ್ ಟಿ ಹಾಕಿಸಿಕೊಂಡಳು, ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಈಗ ನಾಲ್ಕು ತಿಂಗಳು. ಮೊನ್ನೆ ಚೀಲ ಹೊತ್ತುಕೊಂಡು ನನಗಿಂತ ಮುಂದೆ ಗುಡ್ಡ ಇಳಿಯುತ್ತಿದ್ದಳು.